ಮಳ್ಳಪ್ಪನ ಕೈಯಲ್ಲಿ ಕೀಲಿ

ನೀಲಾಂಬಿಕಾ ಊಟಕ್ಕೆ ಕೂತರೆ ಫೋನನ್ನು ತಟ್ಟೆಯ ಎಡಕ್ಕೆ, ಉಪ್ಪಿನಕಾಯಿ ಇರಬೇಕಾದ ಜಾಗದಲ್ಲಿ ಇಟ್ಟುಕೊಳ್ಳುತ್ತಿದ್ದಳು.

"ಅದನ್ನೂ ರೊಟ್ಟಿಗೆ ಹಚ್ಚಿಕೊಂಡು ತಿಂತಿಯೇನ?" ಅನ್ನುತ್ತಿದ್ದಳು ಅವ್ವ.

ಏನು ಮಾಡುವುದು? ಹುಬ್ಬಳ್ಳಿಯ ಅಂದಾನೆಪ್ಪ ಸರ್ ಅವರ ಕಂಪನಿ ನೂರಾರು ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುತ್ತಿತ್ತು. ಅದು ಓಡುತ್ತಿದ್ದದ್ದು ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಲ್ಲಿ. ಕ್ಲೌಡ್ ಅಂತಾರಲ್ಲ, ಅದು. ಅದರೊಳಗೆ ಹೋಗುವ ಕೀಲಿ, ಅಂದರೆ ಪಾಸ್‌ವರ್ಡ್, ಕೊಡುವವಳು ನೀಲಾಂಬಿಕಾ ಒಬ್ಬಳೇ. "ನೀವೂ ಒಂದು ಇಟ್ಟುಕೊಳ್ಳಿ ಸರ್" ಅಂದರೆ, "ನನಗ್ಯಾಕವಾ? ನೀ ಅದೀಯಲ್ಲ" ಅಂದುಬಿಡುತ್ತಿದ್ದರು.

ನಾಲ್ಕು ವರ್ಷದಲ್ಲಿ ಒಂದು ರಜೆಯೂ ರಜೆಯಾಗಿರಲಿಲ್ಲ. ಈಗ ಅವ್ವನ ಕಣ್ಣಿನ ಪೊರೆ ತೆಗೆಸಬೇಕು. "ಎಂಟು ದಿನ ನನ್ನ ಕೂಡ ಇರು. ಆ ಫೋನ್ ಬಿಟ್ಟು" ಅಂದಳು ಅವ್ವ.

ಅದಕ್ಕೇ ನೀಲಾಂಬಿಕಾ ತನ್ನ ಬದಲಿಗೆ ದುಡಿಯಲು ಒಂದು ಪ್ರೋಗ್ರಾಂ ಬರೆದಳು. ಹೇಳಿದ್ದನ್ನು ಹೇಳಿದಂತೆ ಮಾಡುವ ಮಗ. ಮಳ್ಳಪ್ಪ ಎಂದು ಹೆಸರಿಟ್ಟಳು.

"ಯಾರೂ ಬಳಸದ ಕಂಪ್ಯೂಟರ್ ಆರಿಸು ಮಗನ, ಬಾಡಿಗಿ ಉಳೀತದ" ಅಂದಳು. ಆಷಾಢ ಬಂತು. ಆಷಾಢದಲ್ಲಿ ಮದುವೆಯ ಮಾತು ಯಾರು ಎತ್ತುತ್ತಾರೆ? ಮಂಟಪ ಕೇಳಿ ಒಬ್ಬರೂ ಬರಲಿಲ್ಲ. ಮಳ್ಳಪ್ಪ ಒಂದೊಂದಾಗಿ ಎಲ್ಲವನ್ನೂ ಆರಿಸಿ ಕೂತ. ಶ್ರಾವಣದ ಮೊದಲ ಬೆಳಿಗ್ಗೆ ಮಂಟಪದವರೆಲ್ಲ ಸರ್‌ಗೆ ಫೋನ್ ಹಚ್ಚಿದರು, ಸರ್ ನೀಲಾಂಬಿಕಾಗೆ ಹಚ್ಚಿದರು.

"ಏನವಾ, ನಿನ್ನ ಮಗ ಅಂಗಡಿಗೇ ಬೀಗ ಹಾಕ್ಯಾನ?"

"ಆರಿಸೋ ಮುಂದ ನನ್ನ ಕೇಳೋ" ಎಂದು ಮಳ್ಳಪ್ಪನನ್ನು ಬೈದಳು.

ಮಳ್ಳಪ್ಪ ಕೇಳಿದ. ಆರಿಸಲೇ? ನಿಮಿಷ ಬಿಟ್ಟು, ಆರಿಸಲೇ? ಮತ್ತೊಂದು ನಿಮಿಷ ಬಿಟ್ಟು, ಆರಿಸಲೇ? ಅವ್ವನ ಕಣ್ಣು ತಪಾಸಣೆ ಮುಗಿಯುವುದರೊಳಗೆ ಫೋನಿಗೆ ನೂರಾ ಹನ್ನೆರಡು ಸಲ. "ಸಣ್ಣ ಕೂಸು ಬಿಟ್ಟು ಬಂದೀರೇನು?" ಅಂದರು ಡಾಕ್ಟರು.

"ಫೋನಿಗೆ ಬರಬ್ಯಾಡ. ಆಫೀಸಿನ ಕಂಪ್ಯೂಟರಿನೊಳಗ ನನ್ನ ಟಪಾಲು ಪೆಟ್ಟಿಗೆ ಅದ, ಅದರಾಗ ಚೀಟಿ ಹಾಕು, ಒಂದೇ ಸಲ. ಉತ್ತರ ಬರದಿದ್ದರ ಬ್ಯಾಡ ಅಂತ ತಿಳಕೋ" ಅಂದಳು.

ಅವನು ಒಂದು ದಿನವೂ ಮಾತು ಮೀರಿದವನಲ್ಲ. ಬೈಯಲು ಬಾಯಿ ತೆರೆದರೆ ತನ್ನ ಮಾತೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಆ ವಾರ ಸರ್ ಕರೆದರು. ಕೆಲಸ ಬಿಟ್ಟು ವರ್ಷವಾದವನೊಬ್ಬನ ಕೀಲಿ ಇನ್ನೂ ಬಾಗಿಲು ತೆರೆಯುತ್ತಿತ್ತು. "ಹೋದವರ ಕೀಲಿ ಇಸಕೋಬೇಕಲ್ಲವಾ?"

ಸರಿ, ಅದನ್ನೂ ಹೇಳಿದಳು: "ಏಳು ದಿನ ಬಾರದವರನ್ನ ಕೀಲಿ ಬೇಕೇನು ಅಂತ ಒಮ್ಮೆ ಕೇಳು, ಬ್ಯಾಡಂದ್ರ ಇಸಕೋ."

ಫೋನ್ ಆರಿಸಿ ಎಂಟು ದಿನ ರಜೆ ಹಾಕಿದಳು. ಅವ್ವನ ಕಣ್ಣಿಗೆ ಹೊತ್ತುಹೊತ್ತಿಗೆ ಹನಿ ಬಿಟ್ಟಳು. ತಟ್ಟೆಯ ಎಡಕ್ಕೆ ಉಪ್ಪಿನಕಾಯಿ ಬಂತು. ಕಣ್ಣಿನ ಕಟ್ಟು ಬಿಚ್ಚಿದ ದಿನ ಅವ್ವ ಅದನ್ನು ನೋಡಿ ನಕ್ಕಳು. ಮಗ ಶಾಣ್ಯಾ ಆದ ಅಂದುಕೊಂಡಳು ನೀಲಾಂಬಿಕಾ.

ಒಂಬತ್ತನೆಯ ದಿನ ಆಫೀಸಿಗೆ ಬಂದರೆ ಕೀಲಿ ತಿರುಗಲಿಲ್ಲ. ಪರದೆಯ ಮೇಲೆ ಮಳ್ಳಪ್ಪ ಬರೆದಿಟ್ಟಿದ್ದ: ನೀಲಾಂಬಿಕಾ ಏಳು ದಿನ ಬರಲಿಲ್ಲ. ಕೀಲಿ ಬೇಕೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಬೇಡ ಎಂದು ತಿಳಿದೆ. ಇಸಿದುಕೊಂಡೆ.

"ಹತ್ತಕ್ಕ ಕಾರ್ತಿಕದ ಬುಕಿಂಗ್ ತೆರೀಬೇಕು. ಲಗೂನ ಒಳಗ ಹೋಗವಾ" ಅಂದರು ಹಿಂದೆ ನಿಂತ ಸರ್.

ಹೊಸ ಕೀಲಿ ಬೇಕೆಂದು ಪರದೆಯ ಮೇಲೆಯೇ ಅರ್ಜಿ ಹಾಕಿದಳು. ಮಳ್ಳಪ್ಪ ತಡಮಾಡಲಿಲ್ಲ. ಕೀಲಿ ಕೊಡುವವರನ್ನು ಕೇಳಬೇಕಲ್ಲ? ಬೀಗ ಬಿದ್ದ ಬಾಗಿಲ ಒಳಗಿನ ಪೆಟ್ಟಿಗೆಯಲ್ಲಿ ಚೀಟಿ ಹಾಕಿದ, ಒಂದೇ ಸಲ:

ನೀಲಾಂಬಿಕಾ ಎಂಬುವವರು ಹೊರಗೆ ನಿಂತಿದ್ದಾರೆ. ಒಳಗೆ ಬಿಡಲೇ, ನೀಲಾಂಬಿಕಾ ಅವರೇ?