ರವಿವಾರದ ಚಹಾ

ಮಲಪ್ರಭೆಯ ದಂಡೆಯಲ್ಲಿ ರಾಚವ್ವ ಎಂಬ ಮುದುಕಿ ಇದ್ದರು. ಜನ ಅವರನ್ನು ಗುರು ಅಂದರು. ಅವರು ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ಒಂದಿಷ್ಟು ಕಸುವು ಬೇಕು, ಎಪ್ಪತ್ತೆಂಟು ದಾಟಿದ ಮೇಲೆ ಅದನ್ನು ನೋಡಿ ಬಳಸಬೇಕಾಗುತ್ತದೆ.

ಆಶ್ರಮವೆಂದರೆ ಎರಡು ಕೋಣೆ, ಒಂದು ಒಲೆ, ಹೊರಗೊಂದು ಬೇವಿನ ಮರ. ಅಷ್ಟೇ.

ಒಂದು ದಿನ ಅಲ್ಲಿಗೆ ಕಲ್ಮೇಶಪ್ಪ ಬಂದ. ತಾಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವ. ಅವನೂ ಅವನ ಹೆಂಡತಿ ನೀಲವ್ವನೂ ಬಹಳ ವರ್ಷಗಳಿಂದ ರಾಚವ್ವನ ಶಿಷ್ಯರು. ನೀಲವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು.

ಕೈಯಲ್ಲಿ ಬಟ್ಟೆಯ ಚೀಲವಿತ್ತು. ಚೀಲದಲ್ಲಿ ಹನ್ನೊಂದು ಸಣ್ಣ ಡಬ್ಬಿಗಳು.

"ಅವ್ವಾರ, ನಾ ವೈರಾಗ್ಯ ಕೇಳಾಕ ಬಂದಿಲ್ರಿ. ಒಂದ ಒಂದು ಮಾತು ಕೇಳೂದೈತಿ."

"ಕೇಳು."

"ನಮ್ಮಾಕಿ ರವಿವಾರದ ಚಹಾಕ್ಕ ಏನ್ ಹಾಕ್ತಿದ್ಲು?"

ರಾಚವ್ವ ಅವನ ಮುಖ ನೋಡಿದರು. ಆಮೇಲೆ ಚೀಲ ನೋಡಿದರು.

"ಕೂಡು," ಅಂದರು.

ಅವನು ಕೂತು ಎಲ್ಲ ಹೇಳಿದ. ದಿನಾ ಸಂಜೆ ನಾಲ್ಕಕ್ಕೆ ನೀಲವ್ವ ಚಹಾ ಮಾಡುತ್ತಿದ್ದಳು. ಇಂದು ಮಾಡಿದ ಹಾಗೆ ನಾಳೆ ಇಲ್ಲ. ಒಂದು ದಿನ ಹಸಿಶುಂಠಿ, ಒಂದು ದಿನ ಯಾಲಕ್ಕಿ, ಒಂದು ದಿನ ನಿಂಬೆಹುಲ್ಲು ಅನ್ನುವ ಗವತಿ ಚಹಾದ ಎಲೆ, ಮಳೆ ಹಿಡಿದರೆ ಮೆಣಸು ಮತ್ತು ತುಳಸಿ. ಆದರೆ ರವಿವಾರದ ಚಹಾ ಬೇರೆ. ಆ ದಿನ ನಾಲ್ಕಕ್ಕೆ ಅಡಿಗೆಮನೆಯೊಳಗೆ ಸೊಸೆಯನ್ನೂ ಬಿಡುತ್ತಿರಲಿಲ್ಲ, ಗಂಡನಿಗೂ ತನಗೂ ಅಷ್ಟೇ ಮಾಡುತ್ತಿದ್ದಳು. ಏನೋ ಒಂದು ಪರಿಮಳ, ಮೊದಲು ತಂಪು, ಗಂಟಲಿಗೆ ಇಳಿದ ಮೇಲೆ ಬೆಚ್ಚಗೆ. ಹೆಸರು ಮಾತ್ರ ಅವನಿಗೆ ಗೊತ್ತಿಲ್ಲ.

"ಆಕಿ ಹೋದ ಮ್ಯಾಲೆ ಡಬ್ಬಿ ಎಲ್ಲಾ ತಗದು ನೋಡಿದ್ನಿ. ಯಾವ್ದೂ ಅದಲ್ಲ. ಸೊಸಿಗೂ ಗೊತ್ತಿಲ್ಲ. ನಾಕು ವರ್ಷದ ಹಿಂದ ನೀವು ನಮ್ಮನಿಗೆ ಬಂದಿದ್ರಿ. ರವಿವಾರಾನ ಇತ್ತು. ಅಡಗಿಮನ್ಯಾಗ ಕುಂತು ಎರಡು ಕಪ್ಪು ಕುಡದ್ರಿ. ನಂದು ಆಕೀದು ಬಿಟ್ರ ಆ ಚಹಾ ಕುಡದ ನಾಲಿಗಿ ನಿಮ್ಮದೊಂದ."

"ನೀ ಆಗ ಎಲ್ಲಿದ್ದಿ?"

"ಪಡಸಾಲ್ಯಾಗ್ರಿ. ಪುರವಣಿ ಒಳಗಿನ ಪದಬಂಧ ತುಂಬಾಕತ್ತಿದ್ನಿ."

ರಾಚವ್ವ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಗೋಡೆಗೆ ಒರಗಿದರು. ನಿದ್ದೆ ಬಂತೇನೋ ಅಂದುಕೊಂಡ ಅವನು.

"ಒಲಿ ಅಲ್ಲೈತಿ. ಮಾಡಿ ತಾ. ಕುಡದು ನೋಡೂಣು," ಅಂದರು.

ಅವನು ಅಲ್ಲೇ ಉಳಿದು ಅವತ್ತೇ ಶುರು ಮಾಡಿದ.

ಮೊದಲನೆಯದು ಬಡೇಸೋಪು ಅನ್ನುವ ಸೋಂಪುಕಾಳು ಮತ್ತು ಯಾಲಕ್ಕಿ. ಅವನು ಒಂದು ಗುಟುಕು ಬಾಯಿಗೆ ಹಾಕಿ, "ಅದಲ್ಲ," ಅಂದು ಉಳಿದದ್ದನ್ನು ಬೇವಿನ ಬುಡಕ್ಕೆ ಚೆಲ್ಲಿದ.

ರಾಚವ್ವ ಬಸಿಗೆ ಸುರಿದುಕೊಂಡು ಆರಿಸಿ, ಕೊನೆಯ ಹನಿಯವರೆಗೆ ಕುಡಿದರು.

"ಅದಲ್ಲ, ಖರೆ. ಆದ್ರ ಚಲೋ ಐತಿ. ಬಡೇಸೋಪಿನ ಸಿಹಿ ಸಾವಕಾಶ ಬರ್ತೈತಿ ನೋಡು."

"ಚಲೋ ಇದ್ರ ಏನ್ ಮಾಡೂದೈತ್ರಿ, ಅವ್ವಾರ? ಅದಲ್ಲಲ್ಲ."

ಮರುದಿನ ಗವತಿ ಚಹಾ. ಅವನು ಎಲೆಯನ್ನು ಚಹಾಪುಡಿಯ ಜೊತೆಗೇ ಹಾಕಿ ಬುಳುಬುಳು ಕುದಿಸಿದ. ಕಹಿಯಾಯಿತು.

"ಎಲಿ ಕಡೀಕ ಹಾಕಬೇಕು. ಒಲಿ ಆರಿಸಿ ತಾಟು ಮುಚ್ಚಿ ಬಿಡಬೇಕು. ಅವಸರ ಮಾಡಿದ್ರ ಅದು ಸಿಟ್ಟಿಗೇಳ್ತೈತಿ," ಅಂದರು ರಾಚವ್ವ.

ಇನ್ನೊಮ್ಮೆ ಹಾಗೆಯೇ ಮಾಡಿದ. ಮುಚ್ಚಿದ ತಾಟು ತೆಗೆದಾಗ ಕೋಣೆ ತುಂಬ ನಿಂಬೆಯ ವಾಸನೆ ಹರಡಿತು. ರಾಚವ್ವನ ಬಳಲಿದ ಮುಖ ಕೂಡ ಅರೆಗಳಿಗೆ ಅರಳಿತು.

ಕಲ್ಮೇಶಪ್ಪ ಮೂಸಿ ನೋಡಿದ. ಒಂದು ಗುಟುಕು. "ಅದಲ್ಲ." ಬೇವಿನ ಬುಡಕ್ಕೆ.

ಹೀಗೆ ದಿನಕ್ಕೆ ಎರಡು, ಕೆಲವು ದಿನ ಮೂರು. ದಾಲಚಿನ್ನಿ, ಲವಂಗ, ಒಣಗಿಸಿದ ಗುಲಾಬಿ ಎಸಳು, ಪುದೀನಾ, ಜಾಜಿಕಾಯಿ. ಸಕ್ಕರೆ ಬಿಟ್ಟು ಬೆಲ್ಲ. ಹಾಲು ಹಾಕಿ, ಹಾಲು ಹಾಕದೆ. ಕಿತ್ತಳೆ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿ ಪುಡಿ ಮಾಡಿ ಹಾಕಿದಾಗ ರಾಚವ್ವ ಎರಡನೆಯ ಬಸಿ ಕೇಳಿ ತಗೊಂಡರು. ಅವನು ಆ ಚಹಾವನ್ನು ನುಂಗಲೂ ಇಲ್ಲ, ಮುಕ್ಕಳಿಸಿ ಉಗುಳಿದ.

ಕತೆ ಹೇಳುವ ನನಗೆ ಈ ಮನುಷ್ಯನ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರ್ ಅನ್ನುತ್ತದೆ. ಬದುಕಿದ್ದಾಗ ಹೆಂಡತಿಯ ಮುಖ ನೋಡಿ ಒಂದು ಕಪ್ಪು ಚಹಾ ಕುಡಿಯದವ ಈಗ ಅದೇ ಚಹಾಕ್ಕಾಗಿ ಊಟ ಬಿಟ್ಟಿದ್ದ.

ಹತ್ತನೆಯ ದಿನ ಅವನಿಗೆ ಬೋಗುಣಿ ಹಿಡಿಯಲು ಎರಡೂ ಕೈ ಬೇಕಾದವು.

"ಸಾಕು ಮಾಡ್ತೀಯೇನು?" ರಾಚವ್ವ ಕೇಳಿದರು.

"ಹೆಂಗ್ ಮಾಡ್ಲಿ, ಅವ್ವಾರ? ಒಂದೊಂದು ಚಹಾ ಬಾಯಿಗೆ ಹಾಕಿದಾಗೂ ಅದು ಒಂದೀಟು ದೂರ ಹೊಂಟೈತಿ. ನಾಲಿಗಿ ಮ್ಯಾಲೆ ಆಕಿ ಗುರ್ತು ಅಂತ ಉಳದದ್ದು ಅದೊಂದ. ಪೂರಾ ಅಳಿಸಿ ಹೋಗೂದ್ರಾಗ ಸಿಗಬೇಕು. ನಿಮಗ ಗೊತ್ತಿದ್ರ ಹೇಳಿ ಬಿಡ್ರಿ."

ರಾಚವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡರು.

"ನಾಳೆ ಹಸಿಶುಂಠಿ, ಬೆಲ್ಲ ಹಾಕಿ ಮಾಡು. ನನಗ ಥಂಡಿ ಆಗೈತಿ," ಅಂದರು.

ಹದಿನಾಲ್ಕನೆಯ ದಿನ ಮುಂಜಾನೆ ಅವನು ಒಲೆಯ ಮುಂದೆ ಸುಮ್ಮನೆ ಕೂತಿದ್ದ. ಬೋಗುಣಿಯಲ್ಲಿ ನೀರು ಕುದ್ದು ಕುದ್ದು ಅರ್ಧವಾಗಿತ್ತು.

"ಯಾಕೋ ತಮ್ಮಾ?"

"ಮರತ್ನಿ, ಅವ್ವಾರ."

"ಏನು?"

"ಅದರ ರುಚಿ. ಮುಂಜಾನೆ ಎದ್ದ ಕೂಡ್ಲೆ ದಿನಾ ಒಮ್ಮೆ ನೆನಸ್ಕೋತಿದ್ನಿ. ಇವತ್ತು ಬರವಲ್ದು. ಗವತಿ ಚಹಾ ಬರ್ತೈತಿ, ದಾಲಚಿನ್ನಿ ಬರ್ತೈತಿ, ಹಾಳು ಕಿತ್ತಳಿ ಸಿಪ್ಪಿ ಬರ್ತೈತಿ. ಅದು ಬರವಲ್ದು."

ಅವನು ಅಳಲಿಲ್ಲ. ಅಳುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಎದ್ದು ಹೋಗಿ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಮಲಗಿದ. ಮಧ್ಯಾಹ್ನದ ರೊಟ್ಟಿಗೂ ಏಳಲಿಲ್ಲ.

ನಾಲ್ಕರ ಸುಮಾರಿಗೆ ಒಬ್ಬ ಹೆಣ್ಣುಮಗಳು ಬಂದಳು. ಬಿಸಿಲಲ್ಲಿ ರಸ್ತೆಯಿಂದ ನಡೆದು ಬಂದು ಸೀರೆಯ ಅಂಚೆಲ್ಲ ಕೆಂಧೂಳಾಗಿತ್ತು. ಕಲ್ಮೇಶಪ್ಪನ ಸೊಸೆ, ಜಯಶೀಲಾ.

ರಾಚವ್ವನ ಕಾಲು ಮುಟ್ಟಿದಳು. ಮಾವನ ಹತ್ತಿರ ಹೋಗಿ ಕೂತಳು.

"ಮಾವಾರ, ಬಿ.ಪಿ. ಗುಳಿಗಿ ಮನ್ಯಾಗ ಬಿಟ್ಟು ಬಂದೀರಿ. ಫೋನ್ ಮಾಡಿದ್ರ ಎತ್ತವಲ್ರಿ. ನಿಮ್ಮ ಮಗಾ ಗಾಬ್ರಿ ಆಗ್ಯಾರ."

"ಹೂಂ. ಅಲ್ಲಿಡು."

ಅವಳು ಚೀಲದಿಂದ ಗುಳಿಗೆ ತೆಗೆದಿಟ್ಟಳು. ಆಮೇಲೆ ಒಂದು ಥರ್ಮಾಸು ತೆಗೆದಳು. ಮುಚ್ಚಳಕ್ಕೆ ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಕುಡೀರಿ. ಇನ್ನೂ ಬಿಸಿ ಐತಿ."

ಕಲ್ಮೇಶಪ್ಪ ಎದ್ದು ಕೂತು ತುಟಿಗೆ ತಾಗಿಸಿದ. ಒಂದು ಗುಟುಕು.

"ಅದಲ್ಲ," ಅಂದು ಮುಚ್ಚಳವನ್ನು ನೆಲಕ್ಕಿಟ್ಟ.

ಎಂಟು ತಿಂಗಳಿಂದ ಇದೇ ಮಾತು ಕೇಳಿ ಕೇಳಿ ಜಯಶೀಲಾಳ ಮುಖದಲ್ಲಿ ಬೇಜಾರು ಕೂಡ ಮೂಡದಷ್ಟು ರೂಢಿಯಾಗಿತ್ತು. ಸೆರಗು ಸರಿಪಡಿಸಿಕೊಂಡು ಎದ್ದಳು.

"ಥರ್ಮಾಸು ಇಲ್ಲೇ ಇರ್ಲಿ ಅವ್ವಾರ. ನೀವರ ಕುಡೀರಿ. ನಾ ಬರ್ತೀನಿ, ಹುಡುಗ್ರು ಸಾಲಿಯಿಂದ ಬರೂ ಹೊತ್ತಾತು."

"ಹೋಗಿ ಬಾ ತಂಗಿ."

ಅವಳು ಹೋದಳು. ಬೇಲಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು. ಕಲ್ಮೇಶಪ್ಪ ಆಗಲೇ ಮತ್ತೆ ಮಲಗಿದ್ದ.

ರಾಚವ್ವ ಗೋಡೆ ಹಿಡಿದು ಎದ್ದರು. ಮರದವರೆಗಿನ ಆ ಹತ್ತು ಹೆಜ್ಜೆಗೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಬಂದು ಅವನ ಪಕ್ಕ ಕೂತು, ನೆಲದ ಮೇಲಿನ ಮುಚ್ಚಳವನ್ನು ಎತ್ತಿಕೊಂಡು ಆ ಚಹಾ ಕುಡಿದರು. ಪೂರ್ತಿ ಕುಡಿದರು.

"ಇದ್ರಾಗ ಏನ್ ಹಾಕ್ಯಾಳೋ?"

"ಗೊತ್ತಿಲ್ರಿ."

"ಮುಂಜಾನೆ ನನ್ನ ಮುಂದ ಏನಂದಿ? ಅದರ ರುಚಿ ಮರತ್ನಿ ಅಂದಿ."

"ಹೌದ್ರಿ."

"ಅದು ಹೆಂಗಿತ್ತು ಅನ್ನೂದ ನಿನಗ ನೆಪ್ಪಿಲ್ಲ. ಮತ್ತ ಇದು ಅದಲ್ಲ ಅಂತ ಹೆಂಗ ಅಂದಿ?"

ಕಲ್ಮೇಶಪ್ಪ ಎದ್ದು ಕೂತ.

ಅವನು ಥರ್ಮಾಸನ್ನು ನೋಡಿದ. ಬಗ್ಗಿಸಿಕೊಂಡು ಕುಡಿದ. ಮೊದಲು ಅವಸರದಲ್ಲಿ, ಆಮೇಲೆ ನಿಧಾನವಾಗಿ. ಏನೋ ಹಸಿರು ಎಲೆಯ ಘಮ, ಅದರ ಹಿಂದೆ ಬೆಲ್ಲದ ಹದ, ಕೊನೆಗೆ ಗಂಟಲಲ್ಲಿ ಸಣ್ಣ ಖಾರ. ಅದೇ ಇರಬಹುದು. ಅಲ್ಲದೆಯೂ ಇರಬಹುದು. ಹೇಳುವವರು ಯಾರೂ ಇರಲಿಲ್ಲ.

"ಅವ್ವಾರ, ಕೈ ಮುಗೀತೀನಿ. ನಿಮಗ ಗೊತ್ತೈತಿ. ನೀಲಾ ಏನ್ ಹಾಕ್ತಿದ್ಲು?"

"ನನಗ ಗೊತ್ತಿಲ್ಲ."

"ನೀವು ಕುಡದಿದ್ರಿ."

"ಕುಡದಿದ್ನಿ. ನಾ ಅಡಗಿಮನಿಗೆ ಹೋಗೂದ್ರಾಗ ಸೋಸಿ ಇಟ್ಟಿದ್ಲು. ಭಾಳ ಚಲೋ ಆಗೈತೆವ್ವ, ಏನ್ ಹಾಕೀ ಅಂತ ಕೇಳೇ ಕೇಳಿದ್ನಿ."

"ಏನಂದ್ಲು?"

ರಾಚವ್ವ ಹೊಳೆಯ ಕಡೆ ನೋಡಿದರು. ಬೇಸಿಗೆಯ ಹೊಳೆ, ನಡುವೆ ಒಂದಿಷ್ಟೇ ನೀರು.

"ಪಡಸಾಲಿ ಕಡೆ ಕೈ ಮಾಡಿ ನಕ್ಕಳು. 'ಅವರು ಕೇಳಿದ ದಿನ ಹೇಳಬೇಕಂತ ಇಟ್ಕೊಂಡೀನ್ರಿ. ಇಪ್ಪತ್ತಾರು ವರ್ಷ ಆತು. ಚಲೋ ಆಗೈತಿ ಅಂತಾರ, ಏನ್ ಹಾಕೀ ಅಂತ ಒಂದ ದಿನಾನೂ ಕೇಳಿಲ್ಲ. ಅವರು ಕೇಳೂತನ ಯಾರಿಗೂ ಹೇಳಾಂಗಿಲ್ರಿ ಅವ್ವಾರ, ತಪ್ಪು ತಿಳೀಬ್ಯಾಡ್ರಿ' ಅಂದ್ಲು."

ಕಲ್ಮೇಶಪ್ಪನ ಕೈಯಲ್ಲಿದ್ದ ಮುಚ್ಚಳ ವಾಲಿ ಚಹಾ ಧೋತರದ ಮೇಲೆ ಚೆಲ್ಲಿತು. ಅದು ಅವನಿಗೆ ಗೊತ್ತಾಗಲಿಲ್ಲ.

"ನಕ್ಕೋತ ಹೇಳಿದ್ಲೇನ್ರಿ?"

"ನಕ್ಕೋತ ಹೇಳಿದ್ಲು."

"ಬಂದ ದಿನಾನ ನನಗ್ಯಾಕ ಹೇಳ್ಲಿಲ್ರಿ, ಅವ್ವಾರ? ಹದಿನಾಲ್ಕು ದಿನಾ ಒಲಿ ಮುಂದ ಕುಂದ್ರಿಸಿದ್ರಿ."

ರಾಚವ್ವನ ದನಿ ಇನ್ನಷ್ಟು ಇಳಿಯಿತು.

"ಒಬ್ಬರ ಎದಿ ಒಡ್ಯಾಕ ಶಕ್ತಿ ಬೇಕಾಗ್ತೈತೋ ತಮ್ಮಾ. ನನ್ನ ಹತ್ರ ಅದು ಈಗ ಭಾಳ ಇಲ್ಲ. ನಿನ್ನಷ್ಟಕ್ಕ ನೀನ ಬ್ಯಾಸತ್ತು ಮನಿಗೆ ಹೋಗ್ತೀ ಅಂತ ನೋಡಿದ್ನಿ. ಹೇಳದನ ಸಾಯೂಣು ಅಂತಿದ್ನಿ."

"ಮತ್ತ ಇವತ್ತ್ಯಾಕ ಹೇಳಿದ್ರಿ?"

ಮುದುಕಿ ಥರ್ಮಾಸಿನ ಬಿರಡೆಯನ್ನು ತಿರುವಿ ಬಿಗಿಮಾಡಿದರು. ಅದನ್ನು ಅವನ ತೊಡೆಯ ಮೇಲಿಟ್ಟರು. ಆಮೇಲೆ ರಸ್ತೆಯ ಕಡೆ ಕಿವಿಗೊಟ್ಟು ಸ್ವಲ್ಪ ಹೊತ್ತು ಕೇಳಿದರು.

"ಬಸ್ಸು ಐದಕ್ಕ. ಇನ್ನೂ ಸಪ್ಪಳ ಇಲ್ಲ. ಈ ಚಹಾ ಮಾಡಿದಾಕಿ ಇನ್ನೂ ರಸ್ತಿ ಮ್ಯಾಲೆ ನಿಂತಿರ್ತಾಳ, ಲಗೂ ಹೋಗಿ ಕೇಳು."