ಎಲೆ ಮುಟ್ಟದೆ ಆಡಿದ ಆಟ

"ನನ್ನೆದುರು ಎಲೆ ಹಿಡಿದು ಗೆದ್ದವನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ!" ಅಂತ ದೊರೆ ಬೊಮ್ಮಲಿಂಗ ನಾಯಕ ಮೀಸೆ ತಿರುವಿದ.

ತಿರುವಲಿ ಬಿಡಿ, ಅವನ ಮೀಸೆ. ಎಲೆ ಅಂದರೆ ಊಟದ ಎಲೆ ಅಲ್ಲ, ಇಸ್ಪೀಟಿನ ಎಲೆ. ಪ್ರತಿ ಶುಕ್ರವಾರ ದೀಪ ಹಚ್ಚುತ್ತಲೇ ದೊರೆಯ ಮನೆಯ ಮಹಡಿಯಲ್ಲಿ ಜಮಖಾನ ಹಾಸುತ್ತಿದ್ದರು. ಆಟ ಸುಲಭ. ಮೂರನೇ ಕ್ಲಾಸು ಮೂರು ಸಲ ಓದಿದವನಿಗೂ ಅರ್ಥ ಆಗುತ್ತೆ. ಒಬ್ಬೊಬ್ಬರಿಗೆ ಮೂರು ಎಲೆ. ಚೆನ್ನಾಗಿದ್ದರೆ ಪಣ ಏರಿಸು, ಹೆದರಿಕೆಯಾದರೆ ಮಡಚು. ಮಡಚಿದವನ ಪಣ ಎದುರಿನವನಿಗೆ. ಯಾರೂ ಮಡಚದಿದ್ದರೆ ಎಲೆ ಬಿಚ್ಚಿ ತೋರಿಸಬೇಕು.

ನೀವು ಒಳ್ಳೆ ಎಲೆ ಹಿಡಿದಿರೋ, ದೊರೆ ಆಗಲೇ ಮಡಚಿರುತ್ತಿದ್ದ. ನೀವು ಸುಮ್ಮನೆ ಧೈರ್ಯ ತೋರಿಸಿದಿರೋ, ಅವನು ಬಿಡುತ್ತಲೇ ಇರಲಿಲ್ಲ. ಅವತ್ತು ವಾಲಗದ ಹನುಮಯ್ಯನ ದುಡ್ಡು ಹೋಗಿ, ಕೊನೆಗೆ ವಾಲಗವೇ ಹೋಯಿತು.

"ಮುಖ ನೋಡಿದರೆ ಸಾಕು ಕಣ್ರೋ, ಹೊಟ್ಟೆಯಲ್ಲಿರೋದು ನಂಗೆ ಗೊತ್ತಾಗುತ್ತೆ. ನನ್ನ ಗೆಲ್ಲೋನು ಹುಟ್ಟಿಲ್ಲ!"

ಮೂಲೆಯಿಂದ ಒಂದು ಧ್ವನಿ ಬಂತು. "ಹುಟ್ಟವ್ನೆ ಬುದ್ಧಿ. ಎಲೆ ಹಿಡಿದಿಲ್ಲ, ಅಷ್ಟೆ."

ಅದು ಆಸ್ಥಾನದ ವಿದೂಷಕ ಕರಿಯಣ್ಣ. ಎಲ್ಲರ ಮಾತಿಗೂ ಕೊಕ್ಕೆ ಹಾಕುತ್ತಿದ್ದುದರಿಂದ ಊರವರಿಗೆ ಅವನು ಕೊಕ್ಕೆ ಕರಿಯಣ್ಣ.

"ಯಾರೋ ಅವನು?"

"ಹೇಳ್ತೀನಿ ಬುದ್ಧಿ. ಹನುಮಯ್ಯ ಮೆಟ್ಟಿಲ ಮೇಲೆ ಕೂತು ಅಳ್ತಾವ್ನೆ. ಯಾವ ರಾಗ ಅಂತ ಕೇಳ್ಕೊಂಡು ಬಂದೆ."

ಮೆಟ್ಟಿಲ ಮೇಲೆ ಹನುಮಯ್ಯ ಮೂಗು ಒರೆಸಿಕೊಳ್ಳುತ್ತಿದ್ದ.

"ತಾತನ ಕಾಲದ ವಾಲಗ ಕರಿಯಣ್ಣೋರೆ. ದುಡ್ಡು ಮುಗೀತು ಅಂದೆ, 'ಅದನ್ನೇ ಇಡು' ಅಂದ್ರು. ದೊರೆಗೆ ಇಲ್ಲ ಅನ್ನಕ್ಕಾಗ್ತದಾ? ಸೋಮವಾರ ಒಂದು ಮದುವೆ ಒಪ್ಕೊಂಡಿವ್ನಿ. ತಾಳಿ ಕಟ್ಟೋ ಹೊತ್ತಿಗೆ ಏನು, ಸೀಟಿ ಹೊಡೀಲಾ?"

"ಆಟದಲ್ಲಿ ಏನಾದ್ರೂ ವಿಚಿತ್ರ ಕಂಡ್ಯಾ?"

"ಕಾಣಲಿಲ್ಲ, ಕೇಳಿಸ್ತು. ನನ್ನ ಬೆನ್ನ ಹಿಂದೆ ನಿಂತು ಬೀಸಣಿಗೆ ಬೀಸ್ತಿದ್ನಲ್ಲ ಬಸವಯ್ಯ, ಅವನಿಗೆ ತಾಳಜ್ಞಾನವೇ ಇಲ್ಲ. ನಂಗೆ ಎರಡು ಎಕ್ಕ ಬಂದಾಗ ಬರಬರ ಬೀಸ್ದ. ಪುಡಿ ಎಲೆ ಬಂದಾಗ ತೂಕಡಿಸೋನ ಥರ ಒಂದೊಂದೇ ಬೀಸ್ದ. ಮೈಯೆಲ್ಲ ಉರೀತು."

ಕರಿಯಣ್ಣ ನಕ್ಕ. "ಅವನಿಗಿರೋ ತಾಳಜ್ಞಾನ ನಿಂಗೂ ಇಲ್ಲ ಕಣೋ ಹನುಮಯ್ಯ! ಅವನು ಬೀಸ್ತಿದ್ದದ್ದು ನಿಂಗಲ್ಲ. ನಿನ್ನ ಎಲೆ ನೋಡಿ ದೊರೆಗೆ ವರದಿ ಒಪ್ಪಿಸ್ತಿದ್ದ. ಏಳು, ಮುಖ ತೊಳ್ಕೊ."

ಒಳಗೆ ಬಂದವನೇ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಬುದ್ಧಿ, ಆ ಹುಟ್ಟಿದವನು ನಾನೇ. ಒಂದೇ ಆಟ. ನೀವು ವಾಲಗ ಇಡಿ."

"ನೀನೇನು ಇಡ್ತೀಯೋ? ನಿನ್ನ ಹತ್ರ ಇರೋದು ಬರೀ ಬಾಯಿ."

"ಅದನ್ನೇ ಇಟ್ಟೆ. ಸೋತರೆ ಒಂದು ವರ್ಷ ತುಟಿ ಬಿಚ್ಚಲ್ಲ."

ಸಭೆಯಲ್ಲಿ ಅರ್ಧ ಜನ ದೊರೆ ಗೆಲ್ಲಲಿ ಅಂತ ಅಲ್ಲೇ ಹರಕೆ ಹೊತ್ತರು.

"ಲೋ ಬಸವಯ್ಯ, ಕರಿಯಣ್ಣನಿಗೆ ಗಾಳಿ ಹಾಕೋ, ಪಾಪ ಸೆಕೆ!" ಅಂದ ದೊರೆ. ಲಾವಂಚದ ಬೀಸಣಿಗೆ ಹಿಡಿದು ಬಸವಯ್ಯ ಕರಿಯಣ್ಣನ ಬೆನ್ನಿಗೆ ಬಂದು ನಿಂತ.

ಎಲೆ ಹಂಚಿದರು. ದೊರೆ ತನ್ನ ಮೂರನ್ನು ನೋಡಿಕೊಂಡ. ಕರಿಯಣ್ಣ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅವನ ಎಲೆ ಹಂಚಿದ ಹಾಗೇ ಬೋರಲು ಬಿದ್ದಿತ್ತು.

"ಎಲೆ ನೋಡಲ್ವೇನೋ?"

"ನಾನು ಓದಿದ್ದು ಕಮ್ಮಿ ಬುದ್ಧಿ. ನೋಡಿದ್ರೂ ಗೊತ್ತಾಗಲ್ಲ. ಎರಡು ವರ್ಷದ ಬಾಯಿ ಇಟ್ಟೆ."

ದೊರೆ ಅವನ ಮುಖ ನೋಡಿದ. ಅಲ್ಲಿ ಮೂಗು ಬಿಟ್ಟರೆ ಏನೂ ಇರಲಿಲ್ಲ. ಮೆಲ್ಲಗೆ ಬಸವಯ್ಯನ ಕಡೆ ಕಣ್ಣು ಹಾಯಿಸಿದ.

ಬಸವಯ್ಯ ಬೀಸಣಿಗೆ ಎತ್ತಿದ. ಇಳಿಸಿದ. ಮತ್ತೆ ಅರ್ಧ ಎತ್ತಿದ. ಕೊನೆಗೆ ಅದರ ಹಿಡಿಯಿಂದ ಬೆನ್ನು ಕೆರೆದುಕೊಂಡ. ಬೆನ್ನು ಕೆರೆದುಕೊಂಡರೆ ಯಾವ ಎಲೆ ಅಂತ ಅವರಿಬ್ಬರೂ ಮಾತಾಡಿಕೊಂಡೇ ಇರಲಿಲ್ಲ!

"ಐದು ವರ್ಷ," ಅಂದ ಕರಿಯಣ್ಣ. "ಈಗ ನೀವೂ ಏರಿಸಿ ಬುದ್ಧಿ. ಎಲೆ ಬಿಚ್ಚಿ ಸೋತರೆ, ಯುಗಾದಿಯಿಂದ ಈಚೆಗೆ ಈ ಮಹಡಿಯಲ್ಲಿ ಗೆದ್ದದ್ದೆಲ್ಲ ವಾಪಸ್ಸು. ಬೇಡ ಅಂದ್ರೆ ಈಗಲೇ ಮಡಚಿ, ವಾಲಗ ಒಂದೇ ಹೋಗುತ್ತೆ."

ದೊರೆಯ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಅದು ಮೂಗಿನ ತುದಿಗೆ ಬಂದು ತೊಟ್ಟಿಕ್ಕುವ ಹೊತ್ತಿಗೆ ಅವನು ಎಲೆ ಕೆಳಗೆ ಬಿಸಾಕಿದ.

"ಮಡಚಿದೆ! ತಗೊಂಡು ಹೋಗೋ ನಿನ್ನ ಪೀಪಿ!"

ಬಿಸಾಕಿದ ರಭಸಕ್ಕೆ ಎಲೆ ಮಗುಚಿಕೊಂಡವು. ಎರಡು ರಾಜ, ಒಂದು ಒಂಬತ್ತು. ಕರಿಯಣ್ಣ ಆಗ ಕೈ ಹೊರಗೆ ತೆಗೆದು ತನ್ನ ಎಲೆ ತಿರುಗಿಸಿದ. ಎರಡು, ಮೂರು, ಐದು. ಅದಕ್ಕಿಂತ ಕೆಟ್ಟ ಎಲೆ ಹುಡುಕಬೇಕಾದರೆ ಬೇರೆ ಕಟ್ಟು ತರಿಸಬೇಕು.

ಜೋಡಿ ರಾಜರನ್ನು ಕೈಯಲ್ಲಿಟ್ಟುಕೊಂಡು ರಾಜ ಸೋತಿದ್ದ.

ದೊರೆ ಮೀಸೆ ಸರಿಮಾಡಿಕೊಂಡ. "ಆದರೇನು? ಎಲೆ ಹಿಡಿದು ಗೆದ್ದವನು ಹುಟ್ಟಿಲ್ಲ ಅಂದಿದ್ದೆ. ನೀನು ಎಲೆ ಹಿಡೀಲೇ ಇಲ್ಲ. ನನ್ನ ಮಾತು ನಿಂತಿತು!"

"ಮಾತೂ ನಿಂತಿತು, ಗಾಳಿಯೂ ನಿಂತಿತು ಬುದ್ಧಿ," ಅಂದ ಕರಿಯಣ್ಣ ಕೈಮುಗಿದು. "ಗಾಳಿ ಬಂದಾಗ ತೂರಿಕೋ ಅಂತಾರೆ. ಅದು ದೊಡ್ಡವರಿಗಾಯ್ತು. ನಾನು ಬಡವ, ಗಾಳಿ ನಿಂತಾಗ ತೂರಿಕೊಂಡೆ."

ಬಸವಯ್ಯನ ಕೈಯಿಂದ ಬೀಸಣಿಗೆ ದೊಪ್ಪನೆ ಬಿತ್ತು.

ದೊರೆ ಒಂದು ಗಳಿಗೆ ಕೆಂಪಾದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಕ್ಕು ನಕ್ಕು ಜಮಖಾನದ ಮೇಲೇ ಉರುಳಿದ. "ಹನುಮಯ್ಯನ ದುಡ್ಡನ್ನೂ ಕೊಟ್ಟುಬಿಡ್ರೋ! ಕರಿಯಣ್ಣ, ನಿಂಗೇನು ಬೇಕು ಕೇಳು."

"ಏನೂ ಬೇಡ ಬುದ್ಧಿ. ಸೋಮವಾರದ ಮದುವೆಗೆ ಬಸವಯ್ಯನನ್ನ ಕಳಿಸಿಕೊಡಿ. ಹನುಮಯ್ಯನ ಪಕ್ಕ ಕೂತು ತಾಳ ಹಾಕಲಿ. ಅಭ್ಯಾಸ ಚೆನ್ನಾಗಿದೆ."