ಬಾಗಿಲಲ್ಲಿ ನಿಂತ ನಡೆಮಡಿ

ಯಾವುದೋ ಒಂದು ರಾಜ್ಯ. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೂ ನಾಲ್ಕು ರಾಜ್ಯದವರು ಇದು ತಮ್ಮದೇ ಕಥೆ ಎಂದು ಜಗಳಕ್ಕೆ ಬರುತ್ತಾರೆ. ಅಲ್ಲೊಂದು ದೊಡ್ಡ ಕೆರೆ. ಕೆರೆಗೆ ಒಂದೇ ಕಡೆ ಮೆಟ್ಟಿಲು. ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಮಡಿವಾಳರ ಸಣ್ಣೀರಮ್ಮ ಊರಿನ ಬಟ್ಟೆ ಒಗೆಯುತ್ತಿದ್ದಳು. ಅದೇ ಅವಳ ಅನ್ನ.

ಅಲ್ಲಿಯ ಮಂತ್ರಿ ತ್ರಿಲೋಚನಯ್ಯನಿಗೆ ಕೆರೆಯ ಮೇಲೆ ಕಣ್ಣು ಬಿತ್ತು. ದಂಡೆಯಲ್ಲಿ ವಿಹಾರ ಮಂಟಪ ಕಟ್ಟಿಸುತ್ತೇನೆ ಎಂದ. ಊರಿನ ಏಳಿಗೆಗೆ ಎಂದ. ಏಳಿಗೆಗೆ ಮೊದಲು ಬೇಕಾದದ್ದು ಬೇಲಿಯಂತೆ. ಬೇಲಿ ಬಂತು, ಬಾಗಿಲು ಬಂತು, ಬಾಗಿಲಿಗೆ ಕಾವಲುಗಾರ ಬಂದ. "ಆ ದಂಡೆ ನಮಗೆ ಬೇಕಾಗಿಲ್ಲ" ಎಂಬ ಓಲೆಗೆ ಊರಿನವರೆಲ್ಲ ಗುರುತು ಹಾಕಿದರು. ಸಣ್ಣೀರಮ್ಮ ಒಬ್ಬಳು ಹಾಕಲಿಲ್ಲ.

"ಇದು ಈಗ ಮಂತ್ರಿಗಳ ಮನೆ ಅಂಗಳ, ನಡಿ ಆಚೆಗೆ" ಎಂದ ಕಾವಲುಗಾರ.

ಅವಳು ಮೂರು ಮನೆಗೆ ಹೋದಳು. "ನನ್ನ ಜೊತೆ ಅರಮನೆಗೆ ಬನ್ನಿ. ದಾರಿ ಬಿಡಿಸಿ ಅಂತ ಕೇಳೋಣ" ಎಂದಳು.

ಕುಂಬಾರ ಚೌಡಣ್ಣ, "ಮಂಟಪದ ಹೆಂಚು ಮಾಡಾಕೆ ನನಗೇ ಹೇಳವ್ರೆ ಕಣವ್ವ" ಎಂದು ಬಾಗಿಲು ಹಾಕಿಕೊಂಡ.

ಪುರಾಣ ಓದುವ ಜೋಯಿಸರು, "ಮಂಟಪದಲ್ಲಿ ನನಗೊಂದು ಪೀಠ ಹಾಕಿಸ್ತಾರಂತೆ. ನೋಡೋಣ, ನೋಡೋಣ" ಎಂದು ಬಾಗಿಲು ಹಾಕಿಕೊಂಡರು.

ಊರಗೌಡ, "ನಮ್ಮ ಹಿತ್ತಲಲ್ಲಿ ಬಾವಿ ಐತಲ್ಲ" ಎಂದು ಬಾಗಿಲು ಹಾಕಿಕೊಂಡ. ಅವನಿಗೆ ಮಂತ್ರಿ ಏನೂ ಕೊಟ್ಟಿರಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಉಳಿದವರಿಗೆ ಕಾವಲುಗಾರನೇ ಮನೆಗೊಂದು ಕೊಡ ನೀರು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಅದಕ್ಕೂ ಕೈಮುಗಿದರು. ಸಣ್ಣೀರಮ್ಮ ಹರದಾರಿ ದೂರದ ಹಳ್ಳಕ್ಕೆ ಗಂಟು ಹೊತ್ತಳು. ಅವಳು ಒಗೆದದ್ದನ್ನೇ ಉಟ್ಟುಕೊಂಡ ಜನ, ಅವಳು ಎದುರಿಗೆ ಬಂದರೆ ಓಣಿ ಬದಲಿಸಿದರು.

ಅಷ್ಟರಲ್ಲಿ ಮಂತ್ರಿಯ ಮಗಳ ಮದುವೆ ಬಂತು. ಆ ಸೀಮೆಯಲ್ಲಿ ತಾಳಿಗೆ ಮೊದಲು ಗಂಗೆ ತರುವ ಶಾಸ್ತ್ರ. ಹೆಣ್ಣಿನ ಮನೆಯ ನೀರಾಗದು, ಗಂಡಿನ ಮನೆಯದೂ ಆಗದು. ಊರಿನ ನೀರೇ ಆಗಬೇಕು, ಇಡೀ ಊರೇ ಸಾಕ್ಷಿ ಎಂದು. ಕಲಶ ಹೊತ್ತವರ ಕಾಲು ನೆಲಕ್ಕೆ ತಾಗದಂತೆ ಮಡಿವಾಳರು ದಾರಿಯುದ್ದಕ್ಕೂ ಒಗೆದ ಬಟ್ಟೆ ಹಾಸಬೇಕು. ಅದೇ ನಡೆಮಡಿ.

ಸಣ್ಣೀರಮ್ಮ ಹಾಸುತ್ತಾ ಬಂದಳು, ಹಿಂದೆ ಕಲಶ, ವಾಲಗ, ಎರಡೂ ಕಡೆಯ ನೆಂಟರು. ಬೇಲಿಯ ಬಾಗಿಲವರೆಗೆ ಹಾಸಿ ನಿಂತುಬಿಟ್ಟಳು. ವಾಲಗವೂ ನಿಂತಿತು.

"ಹಾಸೇ ಮುಂದಕ್ಕೆ!" ಎಂದ ಮಂತ್ರಿ.

"ಹೆಂಗೆ ಹಾಸ್ಲಿ ಬುದ್ಧಿ? ಇದರಾಚೆಗೆ ನಿಮ್ಮ ಮನೆ ಅಂಗಳ ಅಂತ ಕಾವಲಿನವನೇ ಹೇಳವ್ನೆ. ನಿಮ್ಮ ಮನೆ ನೀರು ನಿಮ್ಮ ಮಗಳ ಮದುವೆಗೆ ಆದೀತಾ?"

ಗಂಡಿನ ಅಜ್ಜಿಗೆ ಕಿವಿ ಚುರುಕು. ಮುಂದೆ ಬಂದಳು. "ಬೀಗರೇ, ಈ ಕೆರೆ ಯಾರದು?"

"ನನ್ನ ಸುಪರ್ದಿಯಲ್ಲಿದೆ, ತಾಯಿ."

"ಯಾರದು ಅಂದೆ."

"ಮಹಾರಾಜರದು ಅಂತ..."

"ಹಂಗಾದ್ರೆ ಹುಡುಗೀನೂ ಅವರಿಗೇ ಕೊಡಿ. ನಾವು ಹೊರಡ್ತೀವಿ. ಯಾರದು?"

ಮುಹೂರ್ತ ಮೀರುತ್ತಿತ್ತು. ಮಂತ್ರಿ ಗಂಟಲು ಸರಿಮಾಡಿಕೊಂಡ. "ಊರಿನದು."

"ಮತ್ತೆ ಈ ಬಾಗಿಲು ಯಾತಕ್ಕೆ?"

ಬಾಗಿಲು ಕಿತ್ತರು. ನಡೆಮಡಿ ಮೆಟ್ಟಿಲಿಳಿಯಿತು. ಮದುವೆಯಾಯಿತು. ಮತ್ತೆ ಬಾಗಿಲು ಹಾಕುವಂತಿರಲಿಲ್ಲ. ಹಾಕಿದರೆ ಊರಿನ ನೀರು ಎಂದದ್ದು ಸುಳ್ಳಾಗುತ್ತದೆ. ನೀರು ಸುಳ್ಳಾದರೆ ಮಗಳ ಮದುವೆಯೂ ಸುಳ್ಳಾಗುತ್ತದೆ.

ಮರುದಿನ ಬೆಳಿಗ್ಗೆ ಊರೆಲ್ಲ ಕೊಡ ಹಿಡಿದು ಬಂತು. ಸಣ್ಣೀರಮ್ಮ ಆಗಲೇ ಬಟ್ಟೆ ಬಡಿಯುತ್ತಿದ್ದಳು. ಯಾರಿಗೂ ಮೊದಲ ಮೆಟ್ಟಿಲು ಇಳಿಯಲು ಕಾಲು ಬರಲಿಲ್ಲ.

ಚೌಡಣ್ಣ ಕೆಮ್ಮಿದ. "ಅವತ್ತು ನಮಗೆ ಇಷ್ಟೆಲ್ಲ ಗೊತ್ತಾಗ್ಲಿಲ್ಲ ಕಣವ್ವ."

"ಗೊತ್ತಿತ್ತು ಕಣಣ್ಣ. ಗೊತ್ತಿಲ್ದೋರು ಬಾಗಿಲು ಹಾಕ್ಕಳಲ್ಲ. ಇಳೀರಿ, ನೀರು ನಿಮ್ಮದೇ."

ಬೈದಿದ್ದರೆ ವಾಸಿಯಿತ್ತು. ಒಬ್ಬೊಬ್ಬರೇ ತಲೆ ತಗ್ಗಿಸಿ ಇಳಿದರು. ತಗ್ಗಿಸಿದ ಕಡೆಯೂ ನೀರಿನಲ್ಲಿ ತಮ್ಮ ಮುಖವೇ ಕಾಣುತ್ತಿತ್ತು. ಬೇಗ ಬೇಗ ಕೊಡ ಮುಳುಗಿಸಿದರು.

ನೀತಿ ಬೇಕಲ್ಲ ಮಕ್ಕಳೇ, ಕೇಳಿ: ಎಲ್ಲರಿಗೂ ಸೇರಿದ್ದನ್ನು ಒಬ್ಬ ಕಿತ್ತುಕೊಳ್ಳಬೇಕಾದರೆ ಉಳಿದವರೆಲ್ಲ ಸುಮ್ಮನಿರಬೇಕು. ಮಂತ್ರಿ ಸೋತ, ಸರಿ. ಗೆದ್ದವಳು ಒಬ್ಬಳೇ. ಊರು ಗೆಲ್ಲಲಿಲ್ಲ, ನೀರು ಕುಡಿಯಿತು, ಅಷ್ಟೇ.